ಪರೀಕ್ಷೆಗೆ ಮಾತ್ರ

ಮಟಕಿ ಊರಿನ ಶಿವಕಾಂತಾ ಸಾಫ್ಟ್‌ವೇರ್ ಕಂಪನಿಯ ಹನ್ನೊಂದು ಪುಟದ ಇಂಗ್ಲಿಷ್ ಕರಾರನ್ನು ಸಹಿ ಹಾಕುವ ಮೊದಲು ನಿಘಂಟು ಇಟ್ಟುಕೊಂಡು ಮೂರು ಸಲ ಓದಿದ್ದಳು. ಓದಿದ್ದೇ ಅವಳಿಗೆ ಮುಳುವಾಯಿತು.

ಆಳಂದದ ಬಸ್ ನಿಲ್ದಾಣದ ಹಿಂದೆ ಅವಳ ಟೈಪಿಂಗ್ ಕ್ಲಾಸು. ವಾರಕ್ಕೆರಡು ದಿನ ಸೊಲ್ಲಾಪುರಕ್ಕೆ ಹೋಗಿ ಕಂಪ್ಯೂಟರ್ ಕಲಿತ ಅವಳು, ತೊಂಬತ್ತಾರರಲ್ಲಿ ಹೈದರಾಬಾದಿನ ಕಂಪನಿಯೊಂದರ ವರ್ಷದ ಚಂದಾದಾರಳಾದಳು. ಪ್ರೋಗ್ರಾಂ ತಯಾರಿಸುವ ಸಾಫ್ಟ್‌ವೇರಿನ ಸಿಡಿಗಳು ಅಂಚೆಯಲ್ಲಿ ಬಂದವು. ಕರಾರಿನ ಪ್ರಕಾರ ಅವುಗಳಿಂದ ಪ್ರೋಗ್ರಾಂ ಬರೆಯಬಹುದು, ಪರೀಕ್ಷಿಸಬಹುದು, ಗಿರಾಕಿಗೆ ತೋರಿಸಬಹುದು. ದಿನದ ವ್ಯವಹಾರ ನಡೆಸುವಂತಿಲ್ಲ. ನಡೆಸುವವರು ಬೇರೆ ಪರವಾನಗಿ ಕೊಳ್ಳಬೇಕು.

ದೌಲತರಾಯರ ದಾಲ್ ಮಿಲ್ಲಿನಲ್ಲಿ ತೊಗರಿ ಸುಗ್ಗಿಗೆ ಸರದಿಗಾಗಿ ರೈತರು ದಿನಾ ಜಗಳಾಡುತ್ತಿದ್ದರು. ಯಾವ ಊರು, ಯಾರು, ಎಷ್ಟು ಚೀಲ ಎಂದು ಹಾಕಿದರೆ ಸರದಿ ಚೀಟಿ ಕನ್ನಡದಲ್ಲಿ ಬರುವಂತೆ ಶಿವಕಾಂತಾ ಏಳು ತಿಂಗಳು ಕೂತು ಬರೆದಳು. ಕಂಪನಿಯ ಸಾಫ್ಟ್‌ವೇರಿನ ಜೊತೆ ಅದನ್ನು ಮಿಲ್ಲಿನ ಕಂಪ್ಯೂಟರಿಗೆ ಹಾಕಿ, ಸುಳ್ಳು ಹೆಸರುಗಳನ್ನು ತುಂಬಿ ತೋರಿಸಿದಳು.

“ಸಾವಕಾರ್ರೇ, ಇದು ಬರೇ ಪರೀಕ್ಷೆಗ್ರಿ. ಖರೇ ಕೆಲಸಕ್ಕ ಹಚ್ಚಬೇಕಂದ್ರ ಪರವಾನಗಿ ತಗೋಬೇಕ್ರಿ.”

“ಹೌದಬೇ, ತಗೊಳ್ಳೂಣು,” ಎಂದರು ದೌಲತರಾಯರು. ಗುಮಾಸ್ತ ಪೀರಪ್ಪ ಪಕ್ಕದಲ್ಲೇ ನಿಂತಿದ್ದ.

ಎಳ್ಳಮಾವಾಸ್ಯೆ ಹಬ್ಬ ಮುಗಿಸಿ ಅವಳು ಮಿಲ್ಲಿಗೆ ಬಂದು ನೋಡಿದರೆ ಪರದೆಯ ತುಂಬ ನಿಜವಾದ ರೈತರ ಹೆಸರುಗಳು. ಮಿಲ್ಲು ಅವಳ ಪ್ರೋಗ್ರಾಮಿನ ಮೇಲೇ ನಡೆದಿತ್ತು.

“ನಿಲ್ಲಸ್ರಿ ಸಾವಕಾರ್ರೇ. ಕರಾರಿಗೆ ಸಹಿ ನಂದೈತ್ರಿ.”

“ಹೈದರಾಬಾದಿನಾಂವ ಆಳಂದಕ್ಕ ಬಂದು ಇಣುಕ್ತಾನೇನು? ಹೋಗು, ಕೆಲಸ ನಡದೈತಿ.”

ಎಂಟು ದಿನ ಅವಳಿಗೆ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಕಂಪನಿಗೆ ರಿಜಿಸ್ಟರ್ ಪತ್ರ ಹಾಕಿದಳು: ಹೀಗಾಗಿದೆ, ಸರಿಪಡಿಸುವುದು ಹೇಗೆ?

ಕಂಪನಿಯ ಶ್ರೀನಿವಾಸರಾವ್ ಖುದ್ದು ಬಂದರು. ದೌಲತರಾಯರ ಮನೆಯಲ್ಲಿ ಹೋಳಿಗೆ ಊಟ ಮಾಡಿ, ವೀಳ್ಯ ಹಾಕಿಕೊಂಡು, ಅವಳನ್ನು ಮಿಲ್ಲಿಗೆ ಕರೆಸಿದರು.

“ಈ ಮಷೀನಿಗೆ ನಮ್ಮ ಸಾಫ್ಟ್‌ವೇರ್ ಹಾಕಿದವರು ಯಾರು?”

“ನಾನ್ರಿ. ಪರೀಕ್ಷೆಗೆ ಹಾಕಿದ್ದೆ. ಸಾವಕಾರ್ರಿಗೆ ಹೇಳಿದ್ದೆ.”

“ನನಗೇನ್ ಹೇಳ್ಯಾಳ್ರಿ?” ದೌಲತರಾಯರು ನಕ್ಕರು. “ಕಳುವಿನ ಮಾಲು ಅಂತ ಗೊತ್ತಿದ್ರ ಬಾಗಲದಾಗ ಬಿಟ್ಕೊತಿದ್ದಿಲ್ಲ. ಏನೋ ಪೀರಪ್ಪ?”

ಪೀರಪ್ಪ ನೆಲ ನೋಡುತ್ತ, “ನಾ ಕೇಳಿಲ್ರಿ,” ಎಂದ.

ಅಂದೇ ಮಧ್ಯಾಹ್ನ ದೌಲತರಾಯರು ಪರವಾನಗಿ ಕೊಂಡರು. ಮಿಲ್ಲು ಒಂದು ತಾಸೂ ನಿಲ್ಲಲಿಲ್ಲ. ಶಿವಕಾಂತಾಳ ಚಂದಾ ಮಾತ್ರ ರದ್ದಾಯಿತು. ಶ್ರೀನಿವಾಸರಾವ್ ಅವಳ ಕ್ಲಾಸಿಗೆ ಬಂದು, ವಿದ್ಯಾರ್ಥಿನಿಯರ ಎದುರೇ ಅವಳ ಕಂಪ್ಯೂಟರಿನಿಂದ ಸಾಫ್ಟ್‌ವೇರನ್ನು ಅಳಿಸಿ ಸಿಡಿಗಳನ್ನು ಎಣಿಸಿಕೊಂಡರು.

“ನಾ ಬರದ ಪ್ರೋಗ್ರಾಂ ನಂದಲ್ಲೇನ್ರಿ?”

“ನಿಮ್ಮದೇ ಅಮ್ಮಾ, ಯಾರು ಬ್ಯಾಡಂದ್ರು? ಅದನ್ನ ತೆರೆಯೋ ಸಾಫ್ಟ್‌ವೇರ್ ಮಾತ್ರ ನೀವು ಇಟ್ಕೊಳ್ಳೋ ಹಂಗಿಲ್ಲ.”

ವಾರದೊಳಗೆ ಊರೆಲ್ಲ ಅವಳು ಕಳ್ಳಿ ಎಂಬ ಮಾತು ಹರಡಿತು. ಹುಡುಗಿಯರು ಒಬ್ಬೊಬ್ಬರೇ ಕ್ಲಾಸು ಬಿಟ್ಟರು. ತಾಯಿ ಗೌರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಪತ್ರ ಬರೀದ ಸುಮ್ಮ ಇದ್ದಿದ್ರ ನಿಂದೇನ್ ಹೋಗ್ತಿತ್ತಬೇ?” ಎಂದಳು.

ಮರುವರ್ಷದ ಸುಗ್ಗಿಯಲ್ಲಿ ಮಿಲ್ಲಿನ ಪ್ರೋಗ್ರಾಂ ಕೆಟ್ಟಿತು. ಗೇಟಿನಾಚೆ ಅರವತ್ತು ಟ್ರ್ಯಾಕ್ಟರ್ ನಿಂತವು. ದೌಲತರಾಯರು ಜೀಪು ಕಳಿಸಿದರು. ಹೋಗಬಾರದು ಎಂದುಕೊಂಡೇ ಅವಳು ಹತ್ತಿದಳು; ತನ್ನ ಕೈಯಿಂದಾದದ್ದು ಕೆಟ್ಟು ಕೂತಿದೆಯೆಂದರೆ ತಡೆಯಲಾಗಲಿಲ್ಲ. ಮಿಲ್ಲಿನಲ್ಲಿ ಅವಳಿಗೆ ಕುರ್ಚಿ ಕೊಡಲಿಲ್ಲ. ನಿಂತೇ ಹತ್ತು ನಿಮಿಷದಲ್ಲಿ ಸರಿಮಾಡಿದಳು. ಚೀಟಿ ಹೊರಬಂದಾಗ ಒಂದು ಗಳಿಗೆ ಅವಳಿಗೆ ಸುಖವೇ ಆಯಿತು.

ದೌಲತರಾಯರು ಪೀರಪ್ಪನ ಕಡೆ ತಿರುಗಿದರು. “ಹೆಂಗ ಮಾಡಿದ್ಲು ನೋಡ್ಕೊಂಡಿ ಹೌದಿಲ್ಲೋ? ಇನ್ನ ಈಕೀನ ಕರೀಬ್ಯಾಡ.”

ವಾಪಸು ಬಿಡಲು ಜೀಪು ಬರಲಿಲ್ಲ. ಆ ಬೇಸಿಗೆಯಲ್ಲಿ ಅವಳು ಕ್ಲಾಸು ಮುಚ್ಚಿ ಜೇವರ್ಗಿಗೆ ಹೋಗಿ, ಕೋರ್ಟಿನೆದುರು ಹಳೆಯ ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಡಲು ಕುಳಿತಳು.