ಅಂಚೊಡೆದ ಬಸಿಯ ನೊಣಬಾಕ

ನನ್ನ ಅಡುಗೆಮನೆಯ ಕಿಟಕಿಯಲ್ಲಿ ಅಂಚೊಡೆದ ಪಿಂಗಾಣಿ ಬಸಿಯೊಂದಿದೆ. ಒಡೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಬಂದವರೆಲ್ಲ ಬುದ್ಧಿ ಹೇಳುತ್ತಾರೆ. ನಾನು ಅವರಿಗೆಲ್ಲ ಕಾಫಿ ಕೊಟ್ಟು ಕಳಿಸುತ್ತೇನೆಯೇ ಹೊರತು ಬಸಿಯನ್ನು ಮಾತ್ರ ಎಸೆಯುವುದಿಲ್ಲ. ಯಾಕೆ ಎಸೆಯಲಿ, ನೀವೇ ಹೇಳಿ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಅಪ್ಪನಿಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳಿನ ಅಂಗಡಿ, ನನಗೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ. ಕೊಂಡಜ್ಜಿ ಊರಿನ ಆಚೆ ಒಂಟಿಯಾಗಿ ನಿಂತ ಗುಡ್ಡಕ್ಕೆ ಮೇಷ್ಟ್ರು ನಮ್ಮ ತರಗತಿಯನ್ನು ಕರೆದೊಯ್ದ ದಿನ, ನೆತ್ತಿಯ ಬಂಡೆಯಲ್ಲಿ ನೀರು ಜಿನುಗುವ ಹಿಡಿ ಮರಳಿನ ಮೇಲೆ, ನಾಲ್ಕಾಣೆಯಷ್ಟಗಲದ ಕೆಂಪು ಗಿಡವೊಂದು ಎಲೆಯ ಕೂದಲು ಕೂದಲಿಗೂ ಅಂಟಿನ ಹನಿ ಹೊತ್ತು ಕೂತಿತ್ತು. ಇಬ್ಬನಿಯೆಂದು ನಂಬಿ ಇಳಿದ ನೊಣಕ್ಕೆ ಮತ್ತೆ ಏಳುವ ಭಾಗ್ಯವಿಲ್ಲ. ಮಣ್ಣಿನಲ್ಲಿ ಸಾರವಿಲ್ಲವೆಂದು ಅದು ಅಳುತ್ತ ಕೂರಲಿಲ್ಲ, ತನ್ನ ಊಟ ತಾನೇ ಹಿಡಿಯಿತು. ಆ ಸೊಕ್ಕು ನನಗೆ ಎಷ್ಟು ಹಿಡಿಸಿತೆಂದರೆ, ಇದು ಅಪರೂಪದ್ದು, ಮುಟ್ಟಬೇಡಿ ಎಂದು ಮೇಷ್ಟ್ರು ಹೇಳಿದ್ದರೂ ಒಂದನ್ನು ಮರಳಿನ ಸಮೇತ ಕದ್ದು ತಂದೆ.

ಮೊಟ್ಟೆಯ ಹೆಸರನ್ನೂ ಎತ್ತದ ಮನೆ ನಮ್ಮದು. ಬಸಿಯಲ್ಲಿಟ್ಟ ಗಿಡದ ಕಥೆ ಕೇಳಿ ಅವ್ವ ಹೌಹಾರಿದಳು.

"ಅಯ್ಯ ಶಿವನೇ, ಗಿಡ ಆಗಿ ಹುಟ್ಟಿ ನೊಣ ತಿಂತೈತೇನೇ! ಪಾಪ, ಹಸ್ಕಂಡೈತೆ ಕಣೇ. ಹೊಟ್ಟಿ ತುಂಬ ಇಕ್ಕಿದ್ರೆ ಯಾಕ ತಿಂತೈತೆ?"

ಬೈದು ಬಿಸಾಡಿದ್ದರೆ ಜಗಳವಾಡಬಹುದಿತ್ತು. ಅವ್ವ ಅದನ್ನು ಸಾಕತೊಡಗಿದಳು. ನಾನು ಕಾಲೇಜಿಗೆ ಹೋದಾಗ ಹಿತ್ತಲಿನ ಕರಿಮಣ್ಣು ಒಟ್ಟಿ, ತುಳಸಿಗೆ ಹಾಕುವ ಸಗಣಿ ನೀರನ್ನೇ ಅದಕ್ಕೂ ಹೊಯ್ದಳು. ವಾರದೊಳಗೆ ಹನಿಗಳು ಆರಿ, ಎಲೆ ಕಪ್ಪಾಗಿ, ಗಿಡ ಕೊಳೆತುಹೋಯಿತು. ಬಂಡೆಯ ಬಡತನದಲ್ಲಿ ಬದುಕಲು ಕಲಿತದ್ದು ಗೊಬ್ಬರವನ್ನು ತಾಳಲಾರದು ಎಂದು ನಾನು ಹೇಳಿದಾಗ ಅವ್ವ ಕೂತು ಅತ್ತಳು. ನಾನು ಕರಿಮಣ್ಣನ್ನು ತೆಗೆದು, ಗುಡ್ಡದ ಮರಳನ್ನಷ್ಟೇ ತೊಳೆದು ಮತ್ತೆ ಬಸಿಗೆ ಹಾಕಿಟ್ಟೆ.

ಅದೇ ತಿಂಗಳು ಸಾರಥಿ ಎಂಬ ಹಳ್ಳಿಯಿಂದ ನನಗೊಂದು ಸಂಬಂಧ ಬಂತು. ಗದ್ದೆ, ಎತ್ತು, ತುಂಬಿದ ಮನೆ. ಓದು ನಿಲ್ಲಿಸಬೇಕು, ಅಷ್ಟೇ.

"ಉಂಡುಟ್ಟು ಸುಖವಾಗಿರ್ತೀಯ, ಇನ್ನೇನು ಬೇಕು?" ಎಂದ ಅಪ್ಪ.

"ಪರೀಕ್ಷೆ ಬರೀಬೇಕು. ನಾ ಒಲ್ಲೆ," ಎಂದೆ.

ಅಪ್ಪ ಸಿಡಿದೇಳುವ ಮೊದಲೇ, ಅವನೆದುರು ಒಂದು ದಿನವೂ ದನಿ ಎತ್ತದ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಬ್ಯಾಡ್ರಿ. ಚೆಂದಾಗಿ ಸಾಕ್ತೀನಂತ ಒಂದನ್ನ ಕೊಂದು ಕೂತೀನಿ. ಇದನ್ನ ಬಿಡ್ರಿ."

ಪರೀಕ್ಷೆ ಬರೆದೆ, ಮುಂದೆ ಕೂದಲು ಹಣ್ಣಾಗುವವರೆಗೂ ಅದೇ ಸಸ್ಯಶಾಸ್ತ್ರ ಪಾಠ ಹೇಳಿದೆ. ಗುಡ್ಡದಿಂದ ಮತ್ತೊಂದು ಗಿಡವನ್ನು ಮಾತ್ರ ಕೀಳಲಿಲ್ಲ. ಬಸಿಯಲ್ಲಿ ಈಗಿರುವುದು ಬರೀ ಮರಳು. ಇದಕ್ಕಿಷ್ಟು ಗೊಬ್ಬರ ಹಾಕಿ ಕೊತ್ತಂಬರಿಯನ್ನಾದರೂ ಬಿತ್ತಬಾರದೇ ಎಂದು ಪಕ್ಕದ ಮನೆಯಾಕೆ ನಿನ್ನೆ ಕೇಳಿದಳು.

ಹಾಕುವುದಿಲ್ಲ, ಹೋಗಿ.