ಸೌಕಾರ್‌ಪೇಟೆಯ ‘ಬಾ’

ಒಂದೇ ಒಂದು ಅಕ್ಷರ ಆಡಿ ಜೀವಮಾನವಿಡೀ ನಾಚಿಕೊಂಡವರು ನನ್ನ ಹಾಗೆ ಇನ್ನಾರಿದ್ದಾರೋ ತಿಳಿಯದು. ಆ ಅಕ್ಷರ ‘ಬಾ’. ಕನ್ನಡದಲ್ಲಿ ನಾವು ಅದರಿಂದ ದೇವರನ್ನೂ ಕರೆಯುತ್ತೇವೆ, ಎಳೆಗೂಸನ್ನೂ ಕರೆಯುತ್ತೇವೆ, ನಾಯಿಯನ್ನೂ ಕರೆಯುತ್ತೇವೆ. ಉಳಿದವರಿಗೆ ‘ಬನ್ನಿ’ ಎನ್ನಬೇಕು. ಮರ್ಯಾದೆಯೆಲ್ಲ ಇರುವುದು ಆ ‘ನ್ನಿ’ಯಲ್ಲಿ.

ಐವತ್ತರ ದಶಕದ ಕೊನೆಯಲ್ಲಿ ನಾನು ಮದರಾಸಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಮೈಲಾಪುರದಲ್ಲೊಂದು ಕೋಣೆ, ಎರಡು ಹೊತ್ತೂ ಉಡುಪಿಯವರ ಹೋಟೆಲಿನ ಊಟ. ಪಕ್ಕದ ಮೇಜಿನ ಕಾಂತಿಲಾಲ್ ಗುಜರಾತಿ. ಹುಟ್ಟಿ ಬೆಳೆದದ್ದೆಲ್ಲ ಮದರಾಸಿನದೇ ಸೌಕಾರ್‌ಪೇಟೆ. ನನ್ನ ಹೋಟೆಲೂಟಕ್ಕೆ ಮರುಗಿ ಒಂದು ಭಾನುವಾರ ಮನೆಗೆ ಕರೆದ.

ಬಿಳಿ ಸೀರೆಯ, ವಯಸ್ಸಾದ ಹೆಂಗಸೊಬ್ಬರು ಬಡಿಸುತ್ತಿದ್ದರು. ಕಾಂತಿಲಾಲ್ ‘ಬಾ’ ಎಂದರೆ ರೊಟ್ಟಿ ಬರುತ್ತಿತ್ತು, ಅವನ ಮಕ್ಕಳು ‘ಬಾ’ ಎಂದರೆ ಬೇಳೆ. ಅಡುಗೆಯವಳಿರಬೇಕು ಎಂದುಕೊಂಡೆ. ನಮ್ಮ ಕನ್ನಡದ ಮಾತೊಂದು ಇವರಿಗೂ ಅಂಟಿದೆಯಲ್ಲ ಎಂದು ಹೆಮ್ಮೆಯೂ ಆಯಿತು. ಇಷ್ಟು ವಯಸ್ಸಾದವಳನ್ನು ಮಕ್ಕಳೂ ಹೀಗೆ ಏಕವಚನದಲ್ಲಿ ಕರೆಯುವುದೇ ಎಂದು ಮನಸ್ಸಿನಲ್ಲೇ ಬೈದೆ. ಬೈದು ಮುಗಿಯುವ ಮೊದಲೇ ಮಜ್ಜಿಗೆ ಬೇಕೆನಿಸಿ, ಮುಖ ಕೂಡ ನೋಡದೆ, ಖಾಲಿ ಲೋಟ ಎತ್ತಿ “ಬಾ” ಎಂದೆ.

ಆಕೆ ಒಂದು ಕ್ಷಣ ನಿಂತರು. ಬಂದು, ಮಜ್ಜಿಗೆ ಸುರಿದು, ನನ್ನ ತಲೆಯ ಮೇಲೆ ಕೈಯಿಟ್ಟರು. ಅಡುಗೆಯವಳಿಗೆ ಇಷ್ಟು ಸಲಿಗೆಯೇ ಎಂದು ನಾನು ತಲೆಯನ್ನು ಹಿಂದಕ್ಕೆಳೆದುಕೊಂಡೆ.

ಮರುದಿನ ಕಚೇರಿಯಲ್ಲಿ ಕಾಂತಿಲಾಲ್ ಹೇಳಿದ: “ಅಮ್ಮನಿಗೆ ನಿನ್ನೆಯಿಂದ ನಿಮ್ಮದೇ ಮಾತು, ಸಾರ್. ಮೊದಲನೇ ದಿನವೇ ನೀವು ಬಾ ಅಂತ ಕರೆದಿರಿ ಅಂತ.”

“ಅಮ್ಮ ಅಂದ್ರೆ ಯಾರು, ಬಡಿಸಿದವರಾ? ನೀವೆಲ್ಲ ಹಾಗೇ ಕರೀತಿದ್ರಲ್ಲ.”

“ಇನ್ನೇನಂತ ಕರೆಯೋದು? ನಮ್ಮ ಭಾಷೇಲಿ ಬಾ ಅಂದ್ರೆ ಅಮ್ಮ.”

ಆ ದಿನ ನನ್ನ ಮೇಜಿನಿಂದ ಒಂದು ಫೈಲೂ ಮುಂದೆ ಹೋಗಲಿಲ್ಲ. ಬೈಸಿಕೊಂಡಿದ್ದರೆ ಸಹಿಸಬಹುದಿತ್ತು, ಆಕೆ ಸಂತೋಷಪಟ್ಟಿದ್ದರು. ಅದನ್ನು ಹೇಗೆ ಸಹಿಸುವುದು?

ಮುಂದಿನ ಭಾನುವಾರ ನಾಲ್ಕು ಮುಸಂಬಿ ಹಿಡಿದು ಹೋದೆ. ಕಾಂತಿಲಾಲ್ ಮನೆಯಲ್ಲಿರಲಿಲ್ಲ, ಒಳ್ಳೆಯದೇ ಆಯಿತು. ಹರಕುಮುರುಕು ತಮಿಳಿನಲ್ಲಿ ಎಲ್ಲ ಒಪ್ಪಿಕೊಂಡೆ: ನಮ್ಮ ‘ಬಾ’ ಎಂದರೆ ತಮಿಳಿನ ‘ವಾ’, ನಿಮ್ಮನ್ನು ಅಡುಗೆಯವರೆಂದು ತಿಳಿದಿದ್ದೆ, ತಪ್ಪಾಯಿತು.

ಆಕೆ ಮುಸಂಬಿ ಸುಲಿಯುತ್ತ ಕೇಳಿಸಿಕೊಂಡರು. ಆಮೇಲೆ ತಮ್ಮದೇ ಧಾಟಿಯ ತಮಿಳಿನಲ್ಲಿ, “ಕೂಪ್ಟಾ ಅಮ್ಮಾ ವರಮಾಟಾಳಾ?” ಎಂದರು. ಕರೆದರೆ ತಾಯಿ ಬರುವುದಿಲ್ಲವೇ? ಸುಲಿದ ತೊಳೆಗಳನ್ನು ನನ್ನ ಕೈಗೇ ಕೊಟ್ಟರು.

ಕ್ಷಮಿಸಿದೆ ಎಂದಿದ್ದರೆ ನನ್ನ ನಾಚಿಕೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆಕೆಗೆ ತಪ್ಪೇ ಕಾಣಲಿಲ್ಲ. ಹಾಗಾಗಿ ಅದನ್ನು ನಾನೇ ಇಟ್ಟುಕೊಳ್ಳಬೇಕಾಯಿತು.