ಬೀಗದ ಕೈ ಕುಟ್ಟಿದ ಸದ್ದು

ಗುಂಡ್ಲುಪೇಟೆಯ ಸಭೆಯಲ್ಲಿ ನನ್ನ ಗೆಳತಿ ಅಧಿಕಾರಿಗಳನ್ನು ಕಂಡು ಹೆದರಿ ಕೂತುಬಿಟ್ಟಳು ಎಂದು ಎಲ್ಲರೂ ಹೇಳುತ್ತಾರೆ. ಹೆದರಿದ್ದಕ್ಕೆ ಸಾಕ್ಷಿ ಏನು? ಕೈ ನಡುಗಲಿಲ್ಲ, ದನಿ ಒಡೆಯಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದವನು ನಾನು. ಅವಳು ಕೂತದ್ದು ಒಂದು ಸದ್ದಿಗೆ.

ಆ ಸದ್ದು ನಮಗೆ ಚಾಮರಾಜನಗರದಲ್ಲೇ ರೂಢಿಯಾಗಿತ್ತು. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ತಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ಮಾತಾಡಿಸುವರು. ವಾದದ ನಡುವೆ ಯಾರಾದರೂ ಮನೆಯ ಕಥೆ ತೆಗೆದರೆ ಬೀಗದ ಕೈ ಗೊಂಚಲಿನಿಂದ ಮೇಜಿಗೆ ಎರಡು ಸಲ ಕುಟ್ಟುವರು. ಕುಟ್ಟಿದ ಕೂಡಲೇ, ಪದ ಬಾಯಲ್ಲಿ ಅರ್ಧ ಇದ್ದರೂ, ಕೂರಬೇಕು. “ತತ್ವ ಹೇಳ್ರಪ್ಪ, ತವರುಮನೆ ಸುದ್ದಿ ಬೇಡ” ಎನ್ನುವರು. ನನಗಂತೂ ಆ ನಿಯಮ ಬಹಳ ಇಷ್ಟ. ಚೊಕ್ಕ ತರ್ಕದ ರುಚಿ ಹತ್ತಿದವನಿಗೆ ಕಥೆಯೆಲ್ಲ ಸಪ್ಪೆ. ಎಲ್ಲರಿಗಿಂತ ಹೆಚ್ಚು ಕುಟ್ಟಿಸಿಕೊಂಡವಳು ಈ ಗೆಳತಿ.

ಅವಳ ತಾಯಿ ಗುಂಡ್ಲುಪೇಟೆಯ ಬಸ್ ನಿಲ್ದಾಣದ ಪಕ್ಕ ಸೊಪ್ಪು ಮಾರುತ್ತಿದ್ದರು. ಅಲ್ಲಿ ಕೂರುವ ಹೆಂಗಸರನ್ನೆಲ್ಲ ಊರಾಚೆ, ಈರುಳ್ಳಿ ಲಾರಿಗಳು ನಿಲ್ಲುವ ಬಯಲಿಗೆ ಕಳಿಸುವ ಮಾತು ಬಂತು. ಅಹವಾಲು ಕೇಳಲು ಪುರಸಭೆಯವರು ಸಭೆ ಕರೆದರು. ಹೆಂಗಸರ ಪರ ಮಾತಾಡಲು ನಾವು ಹೊರಟೆವು, ಮೇಷ್ಟ್ರೂ ಬಂದರು. ಬಸ್ಸಿನಲ್ಲಿ ಗೆಳತಿ ಹೇಳಿದಳು:

“ಲೋ, ಸೊಪ್ಪು ತರಾಕೆ ಅಂತ ಯಾರೂ ಮನೆ ಬುಟ್ಟು ಬರಲ್ಲ ಕಣೋ. ಬಸ್ಸಿಗೆ ಕಾಯ್ತಾ ನಿಂತಿರ್ತಾರೆ, ಕಣ್ಣಿಗೆ ಬಿತ್ತು ಅಂತ ಒಂದು ಕಟ್ಟು ತಗತಾರೆ. ನಮ್ಮವ್ವನ ಯಾಪಾರ ಇರೋದೇ ಆ ಕಾಯೋದ್ರಲ್ಲಿ. ಇದ್ನೇ ಹೇಳನ.”

“ಅದು ನಿಮ್ಮವ್ವನ ಕಥೆ ಆಯ್ತು, ವಾದ ಆಗಲಿಲ್ಲ” ಎಂದೆ. ಮುಂದಿನ ಸೀಟಿನಲ್ಲಿದ್ದ ಮೇಷ್ಟ್ರು ತಿರುಗದೆಯೇ ತಲೆದೂಗಿದರು.

ಸಭೆಯಲ್ಲಿ ನಾನು ಬದುಕುವ ಹಕ್ಕಿನ ಬಗ್ಗೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಚಪ್ಪಾಳೆ ಬಿತ್ತು. ಅಧಿಕಾರಿ ನಕ್ಕರು. “ಹಕ್ಕು ಯಾರ್ ಕಿತ್ಕೊಂಡ್ರು ತಮ್ಮಾ? ನೆರಳು ಕೊಡ್ತೀವಿ, ನಲ್ಲಿ ಕೊಡ್ತೀವಿ, ಲೈಟು ಕೊಡ್ತೀವಿ. ಬಿಸಿಲಲ್ಲಿ ಕೂರೋದೇ ಹಕ್ಕಾ?” ಈಗ ಚಪ್ಪಾಳೆ ಹೊಡೆದವರೇ ನಕ್ಕರು. ನಾನು ಕೂತೆ. “ಇನ್ನ್ಯಾರಾದ್ರೂ ಇದೀರಾ? ಇಲ್ಲಾಂದ್ರೆ ಮುಗಿಸ್ತೀನಿ” ಎನ್ನುತ್ತ ಅವರು ಕನ್ನಡಕ ತೆಗೆದು ಜೇಬಿಗಿಟ್ಟರು.

ಗೆಳತಿ ಎದ್ದಳು. ಹಿಂದಿನ ಸಾಲಿನಲ್ಲಿ ಅವಳ ತಾಯಿ ಸೆರಗು ಬಿಗಿಹಿಡಿದು ಕತ್ತು ಎತ್ತಿದರು.

“ಸರ್, ನಮ್ಮವ್ವ ಬಸ್ ಸ್ಟ್ಯಾಂಡಲ್ಲಿ...”

ಟಕ್, ಟಕ್. ಕಬ್ಬಿಣದ ಕುರ್ಚಿಯ ಮೇಲೆ ಬೀಗದ ಕೈ. ಅವಳು ಕೂತಳು. ಮೇಷ್ಟ್ರು ತಮ್ಮ ಕೈಯನ್ನೇ ನೋಡಿಕೊಂಡರು. ಎದ್ದೇಳು ಎಂದು ನಾನು ಮೊಣಕೈಯಿಂದ ತಿವಿಯಬಹುದಿತ್ತು. ತಿವಿಯಲಿಲ್ಲ. ಆ ಕ್ಷಣ ನನಗೆ ಅನ್ನಿಸಿದ್ದು ‘ಸದ್ಯ, ಕಥೆ ನಿಂತಿತು’ ಎಂದೇ. ಅಷ್ಟರಲ್ಲಿ ಅಧಿಕಾರಿ ಎದ್ದಾಗಿತ್ತು.

“ಯಾಕಮ್ಮಿ ಕೂತ್ಬುಟ್ಟೆ?” ಹೊರಗೆ ಬಂದಾಗ ತಾಯಿ ಕೇಳಿದರು. “ಮನೇಲಿ ಅಷ್ಟು ಮಾತಾಡ್ತೀಯ, ಅಲ್ಲಿ ಬಾಯಿಗೇನಾಗಿತ್ತು ನಿಂಗೆ?” ಅವಳು ನನ್ನ ಮುಖ ನೋಡಿದಳು.

ಈಗ ಬಯಲಲ್ಲಿ ನೆರಳಿದೆ, ನಲ್ಲಿಯಲ್ಲಿ ನೀರಿದೆ, ಕೊಟ್ಟ ಮಾತು ಅಧಿಕಾರಿ ತಪ್ಪಲಿಲ್ಲ. ಕೊಳ್ಳುವವರಿಲ್ಲ, ಅಷ್ಟೇ. ಕೇರಳಕ್ಕೆ ಹೊರಟ ಲಾರಿ ಡ್ರೈವರ್ ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಎಲ್ಲಿ ಬೇಯಿಸಬೇಕು? ತಾಯಿ ಬಾಡಿದ ಕಟ್ಟುಗಳನ್ನು ಸಂಜೆ ಮನೆಗೆ ಹೊರುತ್ತಾರೆ. ಗೆಳತಿ ಪಡಸಾಲೆಗೆ ಬರುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಮೇಷ್ಟ್ರ ಮುಂದೆ ಇದನ್ನು ಎತ್ತಿದೆ.

“ನಾನೇನು ಅವಳ ಬಾಯಿ ಮುಚ್ಚಿದೆನಾ? ಮತ್ತೆ ಎದ್ದು ಹೇಳಬಹುದಿತ್ತಲ್ಲ” ಎಂದರು. “ಹೇಳಿದ್ರೂ ಅದೇನು ವಾದವೇನಯ್ಯ?”

ಗೊಂಚಲು ಮೇಜಿನ ಮೇಲೇ ಇತ್ತು. ಅವರ ಕೈ ಅತ್ತ ಸರಿಯುವ ಮೊದಲೇ ಅದನ್ನು ಎತ್ತಿಕೊಂಡೆ.

“ಸರ್, ಅವತ್ತು ಅಧಿಕಾರಿಯ ಮಾತಿಗೆ ನಮ್ಮ ಹತ್ತಿರ ಇದ್ದ ಉತ್ತರ ಬಸ್ಸಿನಲ್ಲಿ ಅವಳು ಹೇಳಿದ್ದೊಂದೇ. ಅದನ್ನೇ ಅವಳು ‘ನಮ್ಮವ್ವ’ ಅನ್ನದೆ ಹೇಳಿದ್ದರೆ ನೀವು ಕುಟ್ಟುತ್ತಿದ್ದಿರಾ?”